ಬೆಂಕಿ ಆರಿಸೋ ನಾಯಿಗಳ ಕಾರ್ಟೂನ್: ಯಾವ ಸುಳ್ಳು ನಡೆಯುತ್ತೆ, ಯಾವುದು ನಡೆಯಲ್ಲ?

ಬಾಲಬೋರ್ಡು
ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಒಂದು ಅನಿಮೇಷನ್ ಸರಣಿ. ಐದು ನಾಯಿ, ಒಂದು ಅಗ್ನಿಶಾಮಕ ಠಾಣೆ, ಕಂತಿಗೆ 11 ನಿಮಿಷ. ಮೊದಲ ಕಂತಿನ ಸ್ಟೋರಿಬೋರ್ಡ್ (ಶಾಟ್ ಶಾಟಾಗಿ ಚಿತ್ರದಲ್ಲಿ ಬರೆದ ಕಥೆ) ರೆಡಿ ಇದೆ. ಕಥೆ ಇಷ್ಟೇ: ಬೇಕರಿ ಅಡುಗೆಮನೆಯಲ್ಲಿ ಎಣ್ಣೆ ಬಾಣಲೆಗೆ ಬೆಂಕಿ ಹತ್ತುತ್ತೆ. ಡಾಲ್ಮೇಷಿಯನ್ ನಾಯಕ ಒಬ್ಬನೇ ಹೋಸ್ ಹಿಡ್ಕೊಂಡು ನುಗ್ಗಿ ನೀರು ಹೊಡೀತಾನೆ, ಬೆಂಕಿ ಪುಸ್ಸಂತ ಆರುತ್ತೆ. ಬೇಕರಿಯವರ ಮಗಳು ಬೆಕ್ಕಿನ ಮರಿ ತರೋಕೆ ಮಹಡಿಗೆ ಓಡ್ತಾಳೆ, ಬ್ಲಡ್‌ಹೌಂಡ್ ವಾಸನೆ ಹಿಡಿದು ಇಬ್ಬರನ್ನೂ ಕರ್ಕೊಂಡು ಬರುತ್ತೆ. ಕೊನೆಗೆ ಎಲ್ಲರಿಗೂ ಬನ್ನು.

ನಾಯಿ ಮಾತಾಡುತ್ತೆ, ಗಾಡಿ ಓಡಿಸುತ್ತೆ. ಅದರ ಬಗ್ಗೆ ಯಾರೂ ತಕರಾರು ತೆಗೀಬೇಡಿ. ಮಿಕ್ಕಿದ್ದರಲ್ಲಿ ಎಲ್ಲಿ ಸುಳ್ಳು ಹೇಳಬಹುದು, ಎಲ್ಲಿ ಹೇಳಬಾರದು? ಬೆಂಕಿ ಗೊತ್ತಿರೋರು, ಅನಿಮೇಷನ್ ಗೊತ್ತಿರೋರು ಇಬ್ಬರೂ ಬೈಯಿರಿ.

ನಳಿಕೆಮುಖ
ಉರಿಯೋ ಎಣ್ಣೆಗೆ ನೀರಾ! ಇಡೀ ಕಂತಿನಲ್ಲಿ ಮಗು ನೆನಪಿಟ್ಟುಕೊಳ್ಳೋದೇ ಆ ಶಾಟ್. ಅದೇ ತಲೆಕೆಳಗಾಗಿದೆ.

ಯಾಕೆ ಅಂತ ಬೋರ್ಡ್ ಬರೆಯೋರಿಗೂ ಗೊತ್ತಿರಲಿ. ತಾನಾಗಿ ಹತ್ತಿಕೊಂಡ ಅಡುಗೆ ಎಣ್ಣೆ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತೆ. ನೀರು ಎಣ್ಣೆಗಿಂತ ಭಾರ, ಸೀದಾ ತಳಕ್ಕಿಳಿಯುತ್ತೆ. ಇಳಿದ ಕ್ಷಣವೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತೆ. ಆ ಆವಿ ಮೇಲಿನ ಎಣ್ಣೆಯನ್ನ ಸಣ್ಣ ಸಣ್ಣ ಹನಿ ಮಾಡಿ ಎರಚುತ್ತೆ, ಒಂದೊಂದು ಹನಿಯೂ ಗಾಳಿಯಲ್ಲೇ ಹತ್ತಿಕೊಳ್ಳುತ್ತೆ. ಜ್ವಾಲೆ ಸೀಲಿಂಗ್ ಮುಟ್ಟೋಕೆ ಒಂದು ಲೋಟ ನೀರು ಸಾಕು.

ಸರಿಯಾದ ಕ್ರಮ: ಜ್ವಾಲೆಯ ಮೇಲೆ ಕೈ ಚಾಚದೆ ನಾಬ್ ಸಿಗೋ ಹಾಗಿದ್ರೆ ಒಲೆ ಆಫ್. ಬಾಣಲೆಗಿಂತ ಅಗಲವಾದ ಲೋಹದ ಮುಚ್ಚಳವನ್ನ ನಮ್ಮ ಕಡೆಯ ಅಂಚಿನಿಂದ ಜಾರಿಸಿ ಮುಚ್ಚೋದು, ಮೇಲಿಂದ ಎಸೆಯೋದಲ್ಲ. ಬಾಣಲೆ ಎತ್ತಿಕೊಂಡು ಓಡಬಾರದು. ಎಣ್ಣೆ ಪೂರ್ತಿ ತಣ್ಣಗಾಗೋವರೆಗೆ ಮುಚ್ಚಳ ಮುಟ್ಟಬಾರದು, ತೆಗೆದ್ರೆ ಗಾಳಿ ಸಿಕ್ಕಿ ಮತ್ತೆ ಭಗ್ ಅನ್ನುತ್ತೆ. ಈ ಎರಡನೇ ಭಗ್ ನಿಮಗೆ ಒಳ್ಳೇ ಬೀಟ್ (ಕಥೆಯ ಸಣ್ಣ ತಿರುವು) ಆಗುತ್ತೆ: ಆತುರದ ಮರಿ ಮುಚ್ಚಳಕ್ಕೆ ಪಂಜ ಹಾಕುತ್ತೆ, ದೊಡ್ಡವಳು ಅದರ ಪಂಜದ ಮೇಲೆ ತನ್ನ ಪಂಜ ಇಡ್ತಾಳೆ. ಒಂದು ಮಾತೂ ಬೇಡ.

ತಕರಾರಪ್ಪ
ಒಪ್ಪಲ್ಲ. ಐದು ವರ್ಷದ ಮಗುವಿಗೆ ಮುಚ್ಚಳದ ಪಾಠ ಯಾಕ್ರೀ? ಒಲೆ ಹತ್ತಿರ ಹೋಗಬೇಡ, ಹೊರಗೆ ಓಡು, ದೊಡ್ಡವರನ್ನ ಕರಿ. ಅಷ್ಟೇ ಪಾಠ. ಮುಚ್ಚಳ ತೋರಿಸಿದ್ರೆ ಮುಚ್ಚಳ ಹುಡುಕ್ತಾ ಅಲ್ಲೇ ನಿಲ್ಲುತ್ತೆ.

ನಳಿಕೆಮುಖ
ನೀರು ಹಾಕೋದು ತೋರಿಸಿದ್ರೆ ನೀರು ಹಾಕುತ್ತೆ. ಅದಕ್ಕಿಂತ ಮುಚ್ಚಳ ವಾಸಿ.

ತಕರಾರಪ್ಪ
ಎರಡೂ ಬೇಡ ಅಂತಲೇ ನಾನು ಹೇಳ್ತಿರೋದು. ಬಾಣಲೆ ಬಿಟ್ಟು ಬೇರೆ ಬೆಂಕಿ ಹುಡುಕಿ.

ಹೊಗೆಪದರ
ಇಬ್ಬರ ಮಾತಲ್ಲೂ ಹುರುಳಿದೆ, ಮಧ್ಯದ ದಾರಿಯೂ ಇದೆ. ನಾಯಿ ಮಾಡೋ ಕೆಲಸ ಬೇರೆ, ಮಗುವಿನ ಪಾತ್ರ ಮಾಡೋ ಕೆಲಸ ಬೇರೆ ಅಂತ ಮೊದಲ ಕಂತಿನಲ್ಲೇ ಗೆರೆ ಎಳೆದುಬಿಡಿ. ಹೆಲ್ಮೆಟ್ ಹಾಕಿದವರು ಮಾತ್ರ ಬೆಂಕಿ ಹತ್ತಿರ ಹೋಗ್ತಾರೆ. ಹೆಲ್ಮೆಟ್ ಇಲ್ಲದ ಯಾವ ಪಾತ್ರವೂ, ಅದು ಮರಿನಾಯಿ ಆದ್ರೂ ಸರಿ, ಬೆಂಕಿ ಇರೋ ಫ್ರೇಮಿನೊಳಗೆ ಕಾಲಿಡಬಾರದು. ಇದನ್ನ ಡೈಲಾಗಿನಲ್ಲಿ ಹೇಳೋದೇ ಬೇಡ, ಪ್ರತಿ ಕಂತಿನಲ್ಲೂ ಪಾಲಿಸಿದ್ರೆ ಮಕ್ಕಳು ತಾವೇ ಹಿಡಿದುಬಿಡ್ತಾರೆ.

ಆದ್ರೆ ನನ್ನ ದೊಡ್ಡ ತಕರಾರು ಬಾಣಲೆ ಬಗ್ಗೆ ಅಲ್ಲ. ನಿಮ್ಮ ಕಥೆ ಎರಡು ಸಲ ಓದಿದೆ. ಹೊಗೆ ಎಲ್ಲಿದೆ?

ಬಾಲಬೋರ್ಡು
ಕಿಟಕಿಯಿಂದ ಒಂದು ಕಪ್ಪು ಎಳೆ ಮೇಲೆ ಹೋಗೋ ಹೊರಗಿನ ಶಾಟ್ ಇದೆ. ಒಳಗೆ ಹೊಗೆ ತುಂಬಿಸಿದ್ರೆ ಪಾತ್ರಗಳ ಮುಖ ಕಾಣಲ್ಲ, ಮಕ್ಕಳು ಹೆದರ್ತಾರೆ, ರೆಂಡರ್ ಖರ್ಚೂ ಜಾಸ್ತಿ. ಅದಕ್ಕೇ ಬಿಟ್ಟಿದ್ದು.

ಹೊಗೆಪದರ
ಎಲ್ಲರೂ ಬಿಡೋದು ಇದೇ ಮೂರು ಕಾರಣಕ್ಕೆ. ಹಾಗಾಗಿ ಕಾರ್ಟೂನ್ ನೋಡಿ ಬೆಳೆದ ಮಗುವಿನ ತಲೇಲಿ ಮನೆ ಬೆಂಕಿ ಅಂದ್ರೆ ಕಿತ್ತಳೆ ಬಣ್ಣದ ಜ್ವಾಲೆ, ಅದರ ಸುತ್ತ ತಿಳಿ ಗಾಳಿ. ಜ್ವಾಲೆಯಿಂದ ದೂರ ನಿಂತ್ರೆ ಸಾಕು ಅನ್ನೋ ಲೆಕ್ಕ. ನಿಜವಾಗಿ ಹೆಚ್ಚು ಜನ ಸಾಯೋದು ಹೊಗೆಯಿಂದ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಬೆಂಕಿ ಇನ್ನೊಂದು ಕೋಣೆಯಲ್ಲಿದ್ರೂ ಬರುತ್ತೆ. ನಾಯಿ ಗಾಡಿ ಓಡಿಸೋದನ್ನ ನೋಡಿ ಯಾವ ಮಗುವಿಗೂ ಏನೂ ಆಗಲ್ಲ. ಹೊಗೆ ಇಲ್ಲದ ಬೆಂಕಿ ನೋಡಿದ್ರೆ ಆಗುತ್ತೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಇನ್ನು ಮಜಾ ಕೇಳಿ. ನಿಮ್ಮ ನಾಯಕರು ನಾಯಿಗಳು. ಡಾಲ್ಮೇಷಿಯನ್ ಭುಜದ ಎತ್ತರ 50ರಿಂದ 60 ಸೆಂಟಿಮೀಟರ್. ಮುಚ್ಚಿದ ಕೋಣೆಯಲ್ಲಿ ಬಿಸಿ ಹೊಗೆ ಮೊದಲು ಸೀಲಿಂಗ್ ಹಿಡಿಯುತ್ತೆ, ಆಮೇಲೆ ಪದರವಾಗಿ ಕೆಳಗಿಳಿಯುತ್ತೆ. ದೊಡ್ಡವರ ತಲೆ ಹೊಗೆಯೊಳಗೆ ಮುಳುಗಿರೋ ಹೊತ್ತಲ್ಲೂ ನಾಯಿಯ ಕಣ್ಣಿಗೆ ನೆಲ, ಬಾಗಿಲಿನ ಕೆಳ ಅಂಚು, ಕುರ್ಚಿ ಕಾಲು ಕಾಣ್ತಿರುತ್ತೆ. ಕ್ಯಾಮೆರಾವನ್ನ ನೆಲದಿಂದ ಅರ್ಧ ಮೀಟರ್ ಎತ್ತರಕ್ಕಿಡಿ. ಫ್ರೇಮಿನ ಮೇಲಿನ ಮೂರನೇ ಒಂದು ಭಾಗ ಬೂದು ಪದರ, ಕೆಳಗೆ ಪಾತ್ರಗಳ ಮುಖ ಸ್ಪಷ್ಟ. 'ನಮ್ಮ ಎತ್ತರಕ್ಕೆ ಬಾ' ಅಂತ ನಾಯಿ ಹುಡುಗಿಗೆ ಹೇಳುತ್ತೆ, ಅವಳು ತೆವಳ್ತಾಳೆ. ನಾಯಿಗಳ ಸರಣಿಗೆ ಇದಕ್ಕಿಂತ ಒಳ್ಳೇ ನೆಪ ಬೇಕಾ?

ಚೌಕಟ್ಟು24
ಅಬ್ಬಾ, ಇದು ಭರ್ಜರಿ ಐಡಿಯಾ. ಖರ್ಚೂ ಕಮ್ಮಿ. ಪೂರ್ತಿ ಹೊಗೆ ಸಿಮ್ಯುಲೇಷನ್ ಮಾಡೋ ಅಗತ್ಯವೇ ಇಲ್ಲ. ಸೀಲಿಂಗಿಗೆ ಸಮಾನಾಂತರವಾಗಿ ನಾಲ್ಕೈದು ಪಾರದರ್ಶಕ ಕಾರ್ಡ್ (ಚಪ್ಪಟೆ ಹಾಳೆ) ಜೋಡಿಸಿ, ಪ್ರತಿಯೊಂದಕ್ಕೂ ನಾಯ್ಸ್ ಟೆಕ್ಸ್ಚರ್ (ಅಡ್ಡಾದಿಡ್ಡಿ ಮಚ್ಚೆಗಳ ಚಿತ್ರ) ಹಾಕಿ ಬೇರೆ ಬೇರೆ ವೇಗದಲ್ಲಿ ನಿಧಾನಕ್ಕೆ ಸರಿಸಿ. ಕೆಳಗಿನ ಕಾರ್ಡಿನ ಅಂಚು ಮಾತ್ರ ಅಲೆಅಲೆಯಾಗಿರಲಿ. ಕಂಪೋಸಿಟಿಂಗಿನಲ್ಲಿ, ಅಂದ್ರೆ ಪದರಗಳನ್ನ ಕೊನೆಗೆ ಜೋಡಿಸೋವಾಗ, ಡೆಪ್ತ್ ಪಾಸ್ (ಯಾವುದು ಎಷ್ಟು ದೂರ ಅಂತ ಹೇಳೋ ಚಿತ್ರ) ಹಾಕಿ ದೂರದ ವಸ್ತುಗಳನ್ನ ಮಂಕು ಮಾಡಿದ್ರೆ ಮುಗೀತು. ಪದರ ಕೆಳಗಿಳಿಯೋದು ಅಂದ್ರೆ ಇಡೀ ಗ್ರೂಪಿನ ಜಾಗ ಬದಲಿಸೋ ಒಂದು ಕೀಫ್ರೇಮ್ ಅಷ್ಟೇ.

ಒಂದೇ ಎಚ್ಚರ. ಪಾತ್ರದ ಕಿವಿ ಅಥವಾ ಹೆಲ್ಮೆಟ್ ಕಾರ್ಡನ್ನ ಛೇದಿಸಿದ್ರೆ ಕತ್ತಿಯಲ್ಲಿ ಕೊಯ್ದ ಹಾಗೆ ಚೂಪಾದ ಗೆರೆ ಬರುತ್ತೆ. ಆ ಶಾಟುಗಳಿಗೆ ಮಾತ್ರ ನಿಜವಾದ ವಾಲ್ಯೂಮ್ (ದಪ್ಪ ಇರೋ 3ಡಿ ಹೊಗೆ) ಬಳಸಿ, ಇಲ್ಲಾಂದ್ರೆ ಛೇದ ಆಗೋ ಜಾಗದಲ್ಲಿ ಡೆಪ್ತ್ ನೋಡಿ ಅಂಚು ಕರಗಿಸಿ.

ನಳಿಕೆಮುಖ
ಹೊಗೆಪದರ ಹೇಳಿದ್ದು ಸರಿ, ಆದ್ರೆ ಒಂದು ತಿದ್ದುಪಡಿ. ನೆಲದ ಹತ್ತಿರ ಗಾಳಿ 'ಸುರಕ್ಷಿತ' ಅಂತ ಬರೆಯಬೇಡಿ. ಮೇಲಿಗಿಂತ ವಾಸಿ, ಅಷ್ಟೇ. ಪದರ ನಿಮಿಷಗಳಲ್ಲಿ ನೆಲ ಮುಟ್ಟಬಹುದು. ತೆವಳೋದು ಹೊರಗೆ ಹೋಗೋಕೆ, ಅಲ್ಲೇ ಕೂತು ಕಾಯೋಕಲ್ಲ. ಹಾಗೇ ಹೊರಗೆ ಹೋಗ್ತಾ ಬಾಗಿಲು ಎಳೆದು ಮುಚ್ಚೋದನ್ನ ಒಂದು ಶಾಟಿನಲ್ಲಿ ತೋರಿಸಿ. ಮುಚ್ಚಿದ ಬಾಗಿಲು ಹೊಗೆ, ಬಿಸಿ ಎರಡನ್ನೂ ತಡೆಯುತ್ತೆ, ಬೆಂಕಿಗೆ ಗಾಳಿಯನ್ನೂ ತಪ್ಪಿಸುತ್ತೆ. ನಾಯಿ ಬಾಲದಿಂದ ಬಾಗಿಲು ತಳ್ಳಿದ್ರೆ ಮಕ್ಕಳು ನಗ್ತಾರೆ, ಪಾಠವೂ ಆಯ್ತು.

ತಕರಾರಪ್ಪ
ಹುಡುಗಿ ಬೆಕ್ಕಿಗೋಸ್ಕರ ವಾಪಸ್ ಓಡೋದನ್ನ ಯಾರೂ ಕೇಳಲೇ ಇಲ್ವಲ್ಲ? ಅದು ಬಾಣಲೆಗಿಂತ ಕೆಟ್ಟದ್ದು. ಸಾಕುಪ್ರಾಣಿಗಾಗಿ ಒಳಗೆ ವಾಪಸ್ ಹೋಗೋದು ನಿಜ ಬೆಂಕಿಗಳಲ್ಲಿ ಆಗೋ ತಪ್ಪು, ಅದನ್ನ ನೀವು ಸಾಹಸ ಮಾಡಿ ತೋರಿಸ್ತಿದ್ದೀರಿ.

ಬಾಲಬೋರ್ಡು
ಸರಿ, ಅದನ್ನ ಕಿತ್ತುಹಾಕಿದೆ. ಹುಡುಗಿ ಹೊರಗೆ ನಿಂತು 'ಮರಿ ಮಹಡಿಯಲ್ಲಿದೆ, ಎಡಗಡೆ ಕೋಣೆ' ಅಂತ ಹೇಳ್ತಾಳೆ, ನಾಯಿ ಹೋಗುತ್ತೆ. ಓಕೆನಾ?

ತಕರಾರಪ್ಪ
ಓಕೆ. ಎಡಗಡೆ ಅಂತ ಹೇಳ್ತಾಳಲ್ಲ, ಅದು ಒಳ್ಳೇದು. ಮಾಹಿತಿ ಕೊಡೋದೇ ಅವಳ ಸಾಹಸ.

ಎಲುಬುಗೂಡು
ರಿಗ್ಗಿಂಗ್ (ಪಾತ್ರ ಆಡಿಸೋಕೆ ಒಳಗೆ ಎಲುಬು ಕೂರಿಸೋ ಕೆಲಸ) ಕಡೆಯಿಂದ ಒಂದು ಮಾತು. 'ಒಬ್ಬನೇ ಹೋಸ್ ಹಿಡ್ಕೊಂಡು' ಅಂದಿದ್ದೀರಿ. ಯಾವುದರಲ್ಲಿ ಹಿಡಿಯುತ್ತೆ? ಬಾಯಲ್ಲಿ ಹಿಡಿದ್ರೆ ಮಾತಾಡೋಕಾಗಲ್ಲ, ಲಿಪ್‌ಸಿಂಕ್ ಸತ್ತಿತು. ಮುಂಗಾಲಲ್ಲಿ ಹಿಡಿದ್ರೆ ಹಿಂಗಾಲ ಮೇಲೆ ನಿಲ್ಲಬೇಕು, ಆಗ ಬೆನ್ನೆಲುಬು, ಸೊಂಟ, ಭುಜ ಎಲ್ಲಕ್ಕೂ ಎರಡನೇ ಭಂಗಿಗೆ ವೆಯ್ಟ್ ಪೇಂಟಿಂಗ್ (ಯಾವ ಎಲುಬು ಎಷ್ಟು ಚರ್ಮ ಎಳೀಬೇಕು ಅಂತ ಗುರುತು ಮಾಡೋದು) ಬೇಕು. ಬೆನ್ನಿನ ಮೇಲೆ ಯಂತ್ರದ ಕೈ ಇರೋ ಚೀಲ ಇಟ್ಟುಬಿಟ್ರೆ ಎಲ್ಲ ಸಲೀಸು, ನಾಲ್ಕೂ ಕಾಲು ನೆಲದ ಮೇಲೇ ಇರುತ್ತೆ.

ಬರೀಓದುಗ
ಪಾ ಪೆಟ್ರೋಲ್‌ನ ಮಾರ್ಷಲ್‌ಗೂ ಬೆನ್ನಿನ ಚೀಲದಲ್ಲಿ ನೀರಿನ ನಳಿಕೆ ಇದೆ. ಅವನೂ ಡಾಲ್ಮೇಷಿಯನ್ನೇ. 2013ರಿಂದ ಓಡ್ತಿರೋ ಸರಣಿ, ನಿಮ್ಮದನ್ನ ಎಲ್ಲರೂ ಅದರ ಪಕ್ಕದಲ್ಲಿಟ್ಟೇ ನೋಡೋದು. ತಳಿ ಬದಲಾಯಿಸೋದು ಕ್ಷೇಮ.

ನಳಿಕೆಮುಖ
ಯಂತ್ರದ ಕೈ ಇದ್ರೂ ಭೌತಶಾಸ್ತ್ರ ಬಿಡಲ್ಲ ಸ್ವಾಮಿ. 45 ಮಿಲಿಮೀಟರ್ ಹೋಸ್, ನಿಮಿಷಕ್ಕೆ ಸುಮಾರು 570 ಲೀಟರ್, ನಾಜಲ್ ಒತ್ತಡ 7 ಬಾರ್ ಅಂತಿಟ್ಟುಕೊಳ್ಳಿ. ಹಿಂದಕ್ಕೆ ತಳ್ಳೋ ಬಲ ಸುಮಾರು 340 ನ್ಯೂಟನ್, ಅಂದ್ರೆ 34 ಕಿಲೋ ತೂಕ ಎದೆಗೆ ಒತ್ತಿದ ಲೆಕ್ಕ. ಡಾಲ್ಮೇಷಿಯನ್ ತೂಕವೇ 20ರಿಂದ 32 ಕಿಲೋ. ನಾಜಲ್ ತೆರೆದ ಕೂಡಲೇ ನಿಮ್ಮ ನಾಯಕ ಟೈಲ್ಸ್ ಮೇಲೆ ಜಾರ್ತಾ ಬೇಕರಿ ಬಾಗಿಲಿಂದ ಹಿಂದಕ್ಕೆ ಹೋಗ್ತಾನೆ.

ಚೌಕಟ್ಟು24
ಅದನ್ನೇ ಮೊದಲ ನಗು ಮಾಡಿಬಿಡಿ!

ನಳಿಕೆಮುಖ
ಮಾಡಿ, ಬೇಡ ಅನ್ನಲ್ಲ. ಆದ್ರೆ ಆಮೇಲೆ ಪರಿಹಾರವನ್ನೂ ತೋರಿಸಿ. ನಿಜವಾಗಿ ಬಳಸೋ ಮೂರು ಉಪಾಯ ಇವೆ. ಒಂದು, ನಾಜಲ್ ಹಿಡಿದವರ ಹಿಂದೆ ಇನ್ನೊಬ್ಬರು ನಿಂತು ಹೋಸ್ ಒತ್ತಿ ಹಿಡಿಯೋದು. ಎರಡು, ನೆಲಕ್ಕೆ ಕಚ್ಚೋ ಮುಳ್ಳುಕಾಲಿನ ಮಾನಿಟರ್ (ಸ್ಟ್ಯಾಂಡಿನ ಮೇಲೆ ಕೂರಿಸಿದ ನೀರಿನ ಫಿರಂಗಿ) ಅಥವಾ ಗಾಡಿ ಮೇಲಿನ ಮಾನಿಟರ್. ಮೂರನೇದು ನಿಮಗೆ ಹೇಳಿ ಮಾಡಿಸಿದ್ದು: ದೊಡ್ಡ ಹೋಸನ್ನ ಒಬ್ಬರೇ ನಿಭಾಯಿಸಬೇಕಾದಾಗ ಅದನ್ನ ನೆಲದ ಮೇಲೆ ದೊಡ್ಡ ಸುತ್ತು ಹಾಕಿ, ನಾಜಲ್ ತುದಿಯನ್ನ ಸುತ್ತಿನ ಅಡಿಯಿಂದ ಅರ್ಧ ಮೀಟರ್ ಮುಂದಕ್ಕೆ ತಂದು, ಹೋಸ್ ಒಂದರ ಮೇಲೊಂದು ಹಾಯೋ ಜಾಗದ ಮೇಲೆ ಕೂತುಬಿಡ್ತಾರೆ. ತಳ್ಳೋ ಬಲ ಬಹುಪಾಲು ಸುತ್ತಿನ ಮೂಲಕ ನೆಲಕ್ಕೆ ಹೋಗುತ್ತೆ. ನಾಯಿಗೆ 'ಕೂತ್ಕೋ' ಅಂತ ಹೇಳಿಕೊಡೋದು ಎಲ್ಲರಿಗೂ ಗೊತ್ತಿರೋದೇ. ಇಲ್ಲಿ ಅದೇ ಆಜ್ಞೆ ಬೆಂಕಿ ಆರಿಸುತ್ತೆ.

ಹೀಗೆ ಕೂತ್ಮೇಲೆ ಓಡಾಡೋ ಹಾಗಿಲ್ಲ ಅನ್ನೋದೂ ನೆನಪಿರಲಿ. ಅಡುಗೆಮನೆ ಒಳಗಲ್ಲ, ಹೊರಗಿಂದ ಪಕ್ಕದ ಗೋಡೆ ತಣಿಸೋ ದೃಶ್ಯಕ್ಕೆ ಸರಿ.

ಎಲುಬುಗೂಡು
ವಾಹ್. ಹೋಸ್ ರಿಗ್ ಬಗ್ಗೆ ಕೇಳೇ ಬಿಡ್ತೀನಿ. ಖಾಲಿ ಹೋಸೂ ತುಂಬಿದ ಹೋಸೂ ಒಂದೇ ಆಕಾರ ಅಲ್ಲ ತಾನೇ?

ನಳಿಕೆಮುಖ
ಅಲ್ಲವೇ ಅಲ್ಲ. ಖಾಲಿ ಇದ್ದಾಗ ಚಪ್ಪಟೆ ಪಟ್ಟಿ, ಮಡಚಿ ಜೋಡಿಸಿರ್ತಾರೆ, ಮರಿ ಕೂಡ ಬಾಯಲ್ಲಿ ಕಚ್ಚಿ ಎಳೀಬಹುದು. ಪಂಪಿನಿಂದ ನೀರು ಬಿಟ್ಟಾಗ ಗಾಡಿ ಕಡೆಯಿಂದ ನಾಜಲ್ ಕಡೆಗೆ ಉಬ್ಬುತ್ತಾ ಬರುತ್ತೆ, ಮಡಿಕೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತೆ. 45 ಮಿಲಿಮೀಟರ್ ಹೋಸಿನ 15 ಮೀಟರಿನಲ್ಲಿ ಸುಮಾರು 24 ಲೀಟರ್ ನೀರು, ಅಂದ್ರೆ ಹೋಸಿನ ಸ್ವಂತ ತೂಕ ಬಿಟ್ಟು 24 ಕಿಲೋ. ಬಾಗಿಲ ಮೂಲೆಯಲ್ಲಿ ಸಿಕ್ಕಿ ಮಡಚಿದ್ರೆ ನೀರು ಅಲ್ಲೇ ಕಟ್ಟಿಕೊಳ್ಳುತ್ತೆ. ಆ ಮೂಲೆಯಲ್ಲಿ ಒಂದು ನಾಯಿ ನಿಂತು ಹೋಸ್ ದಾಟಿಸಬೇಕು. ತಂಡದಲ್ಲಿ ಕೆಲಸವಿಲ್ಲದೆ ಉಳಿದ ಐದನೇ ನಾಯಿಗೆ ಇದನ್ನೇ ಕೊಡಿ. ನಿಜ ತಂಡಗಳಲ್ಲಿ ಇದು ಯಾರೂ ಹೊಗಳದ, ಆದ್ರೆ ಬಿಟ್ರೆ ಎಲ್ಲವೂ ನಿಂತುಹೋಗೋ ಕೆಲಸ.

ಎಲುಬುಗೂಡು
ಹಾಗಾದ್ರೆ ಒಂದೇ ಸ್ಪ್ಲೈನ್ (ಬಾಗೋ ಗೆರೆ) ಮೇಲೆ ಎರಡು ಬ್ಲೆಂಡ್ ಶೇಪ್ (ಒಂದರಿಂದ ಇನ್ನೊಂದಕ್ಕೆ ಬದಲಾಗೋ ಆಕಾರ): ಚಪ್ಪಟೆ, ದುಂಡು. ಉದ್ದಕ್ಕೂ 0ಯಿಂದ 1ಕ್ಕೆ ಸರಿಯೋ ಮಾಸ್ಕ್ ಕೊಟ್ರೆ ನೀರು ಬರೋ ಅಲೆ ತಾನಾಗೇ ಬರುತ್ತೆ. ಸ್ಟ್ರೆಚ್ ಪೂರ್ತಿ ಆಫ್ ಇಡಿ. ಹೋಸ್ ರಬ್ಬರಿನ ಹಾಗೆ ಉದ್ದ ಆದ್ರೆ ತೂಕವೇ ಕಾಣಲ್ಲ. ಹೋಸ್ ಉದ್ದ ಮುಗಿದಾಗ ನಾಯಿ ಗಕ್ಕನೆ ನಿಲ್ಲಬೇಕು, ಹಿಂಭಾಗ ಮುಂದಕ್ಕೆ ಬರಬೇಕು, ಎರಡು ಮೂರು ಫ್ರೇಮ್ ತಡವಾಗಿ ಕಿವಿ.

ಬರೀಓದುಗ
ಗಾಡಿ ಟ್ಯಾಂಕಿನ ನೀರು ಎಷ್ಟು ಹೊತ್ತು ಬರುತ್ತೆ? ಕಾರ್ಟೂನುಗಳಲ್ಲಿ ಮುಗಿಯೋದೇ ಇಲ್ಲ.

ನಳಿಕೆಮುಖ
1,900 ಲೀಟರ್ ಟ್ಯಾಂಕು, ನಿಮಿಷಕ್ಕೆ 570 ಲೀಟರ್. ನೀವೇ ಭಾಗಿಸಿ, ಮೂರು ನಿಮಿಷ ಚಿಲ್ಲರೆ. ಅಷ್ಟರೊಳಗೆ ಇನ್ನೊಂದು ನಾಯಿ ಹೈಡ್ರಂಟ್ (ಬೆಂಕಿ ಆರಿಸೋಕಂತಲೇ ಬೀದಿಯಲ್ಲಿರೋ ನೀರಿನ ಕೊಳಾಯಿ) ಜೋಡಿಸಿರಬೇಕು. 11 ನಿಮಿಷದ ಕಂತಿಗೆ ಇದಕ್ಕಿಂತ ಒಳ್ಳೇ ಟೈಮರ್ ಸಿಗಲ್ಲ. ಸುಮ್ಮನೆ ಕಟ್ಟಡ ಕುಸಿಯೋ ಡ್ರಾಮಾ ಯಾಕೆ, ಟ್ಯಾಂಕಿನ ಗೇಜ್ ತೋರಿಸಿ ಸಾಕು.

ಚೌಕಟ್ಟು24
ಬೆಂಕಿಯ ಅನಿಮೇಷನ್ ಬಗ್ಗೆ ಯಾರೂ ಮಾತಾಡಿಲ್ಲ, ನಾನೇ ಶುರು ಮಾಡ್ತೀನಿ. ಟೀವಿ ಸರಣಿಗಳಲ್ಲಿ ಬೆಂಕಿ ಆಟಿಕೆಯ ಹಾಗೆ ಕಾಣೋಕೆ ಮುಖ್ಯ ಕಾರಣ ವೇಗ. ಒಂದೇ ಜ್ವಾಲೆಯ ಲೂಪನ್ನ (ಮತ್ತೆ ಮತ್ತೆ ಓಡೋ ಚಿತ್ರಗಳ ಸರಣಿ) ದೊಡ್ಡದು ಮಾಡಿ ಕಟ್ಟಡಕ್ಕೂ, ಸಣ್ಣದು ಮಾಡಿ ಮೇಣದಬತ್ತಿಗೂ ಅಂಟಿಸಿಬಿಡ್ತಾರೆ. ಬೆಂಕಿ ದೊಡ್ಡದಾದಷ್ಟೂ ನಿಧಾನಕ್ಕೆ ಉಸಿರಾಡುತ್ತೆ. ಬುಡದ ಅಗಲ ಮೀಟರಿನಲ್ಲಿ ತಗೊಂಡು ಅದರ ವರ್ಗಮೂಲದಿಂದ 1.5ನ್ನ ಭಾಗಿಸಿದ್ರೆ ಸೆಕೆಂಡಿಗೆ ಎಷ್ಟು ಸಲ ಉಬ್ಬುತ್ತೆ ಅಂತ ಹೆಚ್ಚುಕಮ್ಮಿ ಸಿಗುತ್ತೆ. 10 ಸೆಂಟಿಮೀಟರ್ ಅಗಲದ ಬೆಂಕಿಗೆ ಸೆಕೆಂಡಿಗೆ ಐದರ ಹತ್ತಿರ, ಅಂದ್ರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಉಬ್ಬಿಗೆ 5 ಫ್ರೇಮ್. ಒಂದು ಮೀಟರಿಗೆ 16 ಫ್ರೇಮ್. ನಾಲ್ಕು ಮೀಟರಿಗೆ 32 ಫ್ರೇಮ್. ಬಾಣಲೆಗೆ 8 ಫ್ರೇಮ್ ಲೂಪ್, ಉಗ್ರಾಣಕ್ಕೆ 32ರದ್ದು, ಎರಡು ಬೇರೆ ಬೇರೆ ಸೆಟ್ ಮಾಡಿಟ್ಕೊಳ್ಳಿ. ಆಕಾರ ಎಷ್ಟೇ ಕಾರ್ಟೂನ್ ಆಗಿದ್ರೂ ಗಾತ್ರ ನಂಬೋ ಹಾಗಿರುತ್ತೆ.

ಇದನ್ನ ಕೈಯಲ್ಲಿ ಬರೆಯೋದಾದ್ರೆ ಎರಡೆರಡು ಫ್ರೇಮಿಗೆ ಒಂದು ಚಿತ್ರ ಸಾಕು: ಬಾಣಲೆಗೆ ನಾಲ್ಕು ಚಿತ್ರ, ಉಗ್ರಾಣಕ್ಕೆ ಹದಿನಾರು. ಲೂಪ್ ಅಂತ ಗೊತ್ತಾಗದಿರೋಕೆ ಪಕ್ಕಪಕ್ಕದ ಜ್ವಾಲೆಗಳನ್ನ ಬೇರೆ ಬೇರೆ ಫ್ರೇಮಿನಿಂದ ಶುರು ಮಾಡಿ, ಒಂದನ್ನ ಎಡಬಲ ತಿರುಗಿಸಿ.

ಸದ್ದುಗದ್ದಲ
ಗಾಡಿ ಮೇಲಿನ ದೀಪ ಮರೀಬೇಡಿ. ಮಿನುಗೋ ಕೆಂಪು ದೀಪ, ಜ್ವಾಲೆಯ ಮಿಣುಕು, ಎರಡೂ ಸೇರಿದ್ರೆ ಫೋಟೋಸೆನ್ಸಿಟಿವ್ ಎಪಿಲೆಪ್ಸಿ (ಮಿನುಗೋ ಬೆಳಕಿಗೆ ಮೂರ್ಛೆ ಬರೋದು) ಪರೀಕ್ಷೆಯಲ್ಲಿ ಕಂತು ಫೇಲ್ ಆಗುತ್ತೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತಿನ ಕೆಂಪು-ನೀಲಿ ಮಿನುಗಿನಿಂದ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ರು. ಪ್ರಸಾರ ಮಾಡೋ ವಾಹಿನಿಗಳು ಈ ವಿಷಯದಲ್ಲಿ ಬಿಗಿ. ಸಾಮಾನ್ಯ ಮಿತಿ: ಪರದೆಯ ಕಾಲು ಭಾಗಕ್ಕಿಂತ ದೊಡ್ಡ ಜಾಗದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಬೇಡ. ಕಡು ಕೆಂಪಿಗೆ ಇನ್ನೂ ಎಚ್ಚರ.

ಚೌಕಟ್ಟು24
ಸರಿಯಾಗಿ ಹೇಳಿದ್ರಿ. ಇದಕ್ಕೆ ನೆಟ್ಟಗಿನ ಪರಿಹಾರ: ದೀಪವನ್ನ ಮಿನುಗಿಸಬೇಡಿ, ತಿರುಗಿಸಿ. ಹಳೇ ಗಾಡಿಗಳ ತಿರುಗೋ ದೀಪದ ಹಾಗೆ ಬೆಳಕು ಗೋಡೆ ಮೇಲೆ ಹಾದುಹೋಗಲಿ, ಸೆಕೆಂಡಿಗೆ ಒಂದು ಸುತ್ತು. ಜ್ವಾಲೆಯ ಬೆಳಕು ಪಾತ್ರದ ಮುಖದ ಮೇಲೆ ಬೀಳುವಾಗ ಪ್ರಖರತೆ ಶೇಕಡ 10-15ರಷ್ಟು ಮಾತ್ರ ಏರಿಳಿಯಲಿ, ಪೂರ್ತಿ ಆನ್-ಆಫ್ ಬೇಡ. ಪರೀಕ್ಷೆಯನ್ನ ಫೈನಲ್ ಗ್ರೇಡಿಂಗ್ (ಬಣ್ಣ ಹದ ಮಾಡೋದು) ಆದಮೇಲೆ ಮಾಡಿಸಿದ್ರೆ ತಲೆನೋವು, ಮೊದಲ ಲೈಟಿಂಗ್ ಪಾಸಿನಲ್ಲೇ ಒಂದು ಸಲ ಓಡಿಸಿ ನೋಡಿ.

ಮೂಗುಜಾಣ
ಕೆಂಪು ದೀಪ ಅಂದ್ರಲ್ಲ, ನಾಯಿಗೆ ಕೆಂಪು ಕೆಂಪಾಗಿ ಕಾಣೋದೇ ಇಲ್ಲ. ನೀಲಿ, ಹಳದಿ ಚೆನ್ನಾಗಿ ಕಾಣುತ್ತೆ. ಕೆಂಪು ಅದಕ್ಕೆ ಮಂಕು ಕಂದು. ನಾಯಿ ನಡೆಸೋ ಠಾಣೆಯ ಗಾಡಿ ಹಳದಿ ಇರಬೇಕು ನ್ಯಾಯವಾಗಿ.

ತಕರಾರಪ್ಪ
ಆಟಿಕೆ ಮಾರೋರು ಒಪ್ಪಲ್ಲ ಬಿಡಿ. ಕೆಂಪಿಲ್ಲದ ಫೈರ್ ಎಂಜಿನ್ ಯಾರು ಕೊಳ್ತಾರೆ.

ಚುಕ್ಕೆಲೆಕ್ಕ
ಡಾಲ್ಮೇಷಿಯನ್ ಯಾಕೆ ಠಾಣೆ ನಾಯಿ ಆಯ್ತು ಅಂತ ಒಂದು ಕಂತು ಮಾಡಿ. ಅದು ಸಾರೋಟಿನ ಜೊತೆ ಓಡ್ತಿದ್ದ ನಾಯಿ. ಕುದುರೆ ಎಳೆಯೋ ಫೈರ್ ಎಂಜಿನ್ ಕಾಲದಲ್ಲಿ ಮುಂದೆ ಓಡಿ ಜನರನ್ನ ಸರಿಸ್ತಿತ್ತು, ಠಾಣೆಯಲ್ಲಿ ಕುದುರೆಗಳ ಜೊತೆ ಇದ್ದು ಕಾವಲು ಕಾಯ್ತಿತ್ತು. ಮೋಟಾರು ಬಂದಮೇಲೆ ಕೆಲಸ ಹೋಯ್ತು, ಗೌರವ ಮಾತ್ರ ಉಳೀತು. ಬೆಂಕಿಗೆ ನೀರು ಹಾಕಿದ ನಾಯಿ ಅದು ಯಾವತ್ತೂ ಅಲ್ಲ.

ವಿನ್ಯಾಸಕ್ಕೆ ಎರಡು ಟಿಪ್ಪಣಿ. ಮರಿಗಳು ಹುಟ್ಟುವಾಗ ಅಪ್ಪಟ ಬಿಳಿ, ಚುಕ್ಕೆ ಕಾಣಿಸಿಕೊಳ್ಳೋದು ಸುಮಾರು ಎರಡು ವಾರದ ಹೊತ್ತಿಗೆ. ಹಸುಗೂಸು ಫ್ಲ್ಯಾಶ್‌ಬ್ಯಾಕಿಗೆ ಚುಕ್ಕೆ ಹಾಕಬೇಡಿ. ಇನ್ನೊಂದು, ಈ ತಳಿಯಲ್ಲಿ ಹುಟ್ಟು ಕಿವುಡು ಸಾಮಾನ್ಯ. ಒಂದು ಕಿವಿ, ಎರಡೂ ಕಿವಿ ಸೇರಿಸಿದ್ರೆ ಹತ್ತರಲ್ಲಿ ಮೂರರ ಹತ್ತಿರ. ಕಿವುಡು ಡಾಲ್ಮೇಷಿಯನ್ ಒಬ್ಬಳನ್ನ ತಂಡಕ್ಕೆ ಸೇರಿಸಿ. ಸೈರನ್ ಗದ್ದಲದಲ್ಲಿ ಉಳಿದವರು 'ಏನಂದೆ?' ಅಂತ ಅರಚುವಾಗ ಇವಳ ಸನ್ನೆಭಾಷೆ ಮಾತ್ರ ಕೆಲಸ ಮಾಡುತ್ತೆ.

ಎಲುಬುಗೂಡು
ಸನ್ನೆಗೆ ಬೆರಳು ಬೇಕಲ್ಲ ಗುರೂ, ಪಂಜದಲ್ಲಿ ಎಷ್ಟು ಅಂತ ಮಾಡೋದು?

ಚುಕ್ಕೆಲೆಕ್ಕ
ಬೆರಳು ಯಾಕೆ? ಕಿವಿ, ಬಾಲ, ತಲೆ ವಾಲಿಸೋದು. ನಾಯಿಗಳು ಹೇಗಿದ್ರೂ ಮಾತಾಡೋದೇ ಹಾಗೆ.

ಚೌಕಟ್ಟು24
2ಡಿ ಆಗಿದ್ರೆ ಚುಕ್ಕೆ ಅಂದ್ರೆ ನರಕ, ಪ್ರತಿ ಚಿತ್ರದಲ್ಲೂ ಜಾಗ ತಪ್ಪದ ಹಾಗೆ ಬರೀಬೇಕು. 1961ರ '101 ಡಾಲ್ಮೇಷಿಯನ್ಸ್' ಸಿನಿಮಾದಲ್ಲಿ ಡಿಸ್ನಿಯವರು ಪೆನ್ಸಿಲ್ ಗೆರೆಯನ್ನ ಸೀದಾ ಸೆಲ್‌ಗೆ (ಪಾರದರ್ಶಕ ಹಾಳೆಗೆ) ಇಳಿಸೋ ಝೆರಾಕ್ಸ್ ವಿಧಾನ ಹಿಡಿದಿದ್ದಕ್ಕೇ ಅಷ್ಟೊಂದು ಡಾಲ್ಮೇಷಿಯನ್ ಸಾಧ್ಯ ಆಗಿದ್ದು. 3ಡಿಯಲ್ಲಿ ಟೆಕ್ಸ್ಚರ್, ಚಿಂತೆಯಿಲ್ಲ. ಆದ್ರೂ ಚುಕ್ಕೆಯನ್ನ ಬಾಯಿ ಮೂಲೆ, ಹುಬ್ಬಿನ ಹತ್ತಿರ ಇಡಬೇಡಿ, ಮುಖಭಾವ ಓದೋಕಾಗಲ್ಲ.

ಮೂಗುಜಾಣ
ಬ್ಲಡ್‌ಹೌಂಡ್ ಹೊಗೆಯೊಳಗೆ ವಾಸನೆ ಹಿಡಿಯೋದು ಬೇಡ. ಉರಿಯೋ ಕಟ್ಟಡದೊಳಗೆ ನಾಯಿ ಕಳಿಸಲ್ಲ. ನಾಯಿ ಬರೋದು ಆಮೇಲೆ. ಕುಸಿದ ಕಟ್ಟಡದಲ್ಲಿ ಜನರನ್ನ ಹುಡುಕೋಕೆ, ಇಲ್ಲವೇ ಬೆಂಕಿ ತಣ್ಣಗಾದಮೇಲೆ ಯಾರಾದ್ರೂ ಪೆಟ್ರೋಲ್ ಸುರಿದಿದ್ರಾ ಅಂತ ಮೂಸೋಕೆ. 1986ರಲ್ಲಿ ಅಮೆರಿಕದ ಕನೆಕ್ಟಿಕಟ್ ಪೊಲೀಸರ ಮ್ಯಾಟಿ ಅನ್ನೋ ಲ್ಯಾಬ್ರಡಾರ್‌ನಿಂದ ಈ ಕೆಲಸ ಹೆಸರಾಯ್ತು.

ಅದರ ಕೆಲಸದ ಕ್ರಮವೇ ಒಂದು ಕಂತಿಗಾಗುತ್ತೆ. ಬೂದಿಯಲ್ಲಿ ಗಾಜು, ಮೊಳೆ ಇರೋದ್ರಿಂದ ಕಾಲಿಗೆ ಬೂಟು. ಗೋಡೆಯಂಚು ಹಿಡಿದು ಸಾಲಾಗಿ ಮೂಸುತ್ತಾ ಹೋಗುತ್ತೆ. ವಾಸನೆ ಸಿಕ್ಕಿದ್ರೆ ಕೆರೆಯಲ್ಲ, ಬೊಗಳಲ್ಲ, ಸುಮ್ಮನೆ ಕೂತ್ಕೊಳ್ಳುತ್ತೆ. ಕೆರೆದ್ರೆ ಸಾಕ್ಷ್ಯ ಹಾಳು. 'ಎಲ್ಲಿ ತೋರಿಸು' ಅಂದಾಗ ಮೂಗು ಆ ಜಾಗಕ್ಕಿಡುತ್ತೆ, ಬಹುಮಾನವಾಗಿ ಒಂದು ಹಿಡಿ ತಿಂಡಿ. ಅಲ್ಲಿಯ ಮಣ್ಣೋ ಕಾರ್ಪೆಟ್ಟೋ ಗಾಳಿಯಾಡದ ಡಬ್ಬಿಯಲ್ಲಿ ಲ್ಯಾಬಿಗೆ. ನಾಯಿ ಹೇಳಿದ ಮಾತ್ರಕ್ಕೆ ಮುಗಿಯಲ್ಲ, ಲ್ಯಾಬು ಹೌದು ಅನ್ನಬೇಕು.

ತಕರಾರಪ್ಪ
ಐದು ವರ್ಷದವರಿಗೆ ಬೆಂಕಿ ಹಚ್ಚೋ ಅಪರಾಧದ ಕಥೆ? ಬೇಡ ಮಾರಾಯ್ರೇ.

ಮೂಗುಜಾಣ
ಅಪರಾಧಿ ಯಾಕೆ ಬೇಕು? ದೀಪದ ಎಣ್ಣೆ ಚೆಲ್ಲಿತ್ತಾ, ಎಲ್ಲಿ ಚೆಲ್ಲಿತ್ತು ಅನ್ನೋ ಪತ್ತೇದಾರಿ ಸಾಕು.

ಇನ್ನೊಂದು ಸಂಗತಿ ಬಾಗಿಲ ದೃಶ್ಯಕ್ಕೆ ಬರುತ್ತೆ. ನಾಯಿ ಮೂಗಿನ ತಣ್ಣಗಿರೋ ತುದಿ ದೂರದಿಂದಲೇ ಸಣ್ಣ ಬಿಸಿ ಗುರುತಿಸುತ್ತೆ ಅಂತ 2020ರಲ್ಲಿ ಸ್ವೀಡನ್ನಿನ ಲುಂಡ್ ಮತ್ತು ಹಂಗೇರಿಯ ವಿಜ್ಞಾನಿಗಳು ತೋರಿಸಿದ್ರು. ಬಾಗಿಲು ಮುಟ್ಟದೆ ಮೂಗು ಹತ್ತಿರ ಹಿಡಿದು 'ಆಚೆ ಬಿಸಿ ಇದೆ, ಬೇರೆ ದಾರಿ' ಅನ್ನಬಹುದು.

ನಳಿಕೆಮುಖ
ಚೆನ್ನಾಗಿದೆ. ಅದೇ ಶಾಟಿನಲ್ಲಿ ಮನುಷ್ಯ ಪಾತ್ರ ಅಂಗೈ ಅಲ್ಲ, ಕೈಯ ಹಿಂಬದಿಯನ್ನ ಬಾಗಿಲಿಗಿಡಲಿ. ಮಗು ಮೂಗು ಇಟ್ಟುಬಿಟ್ಟೀತು ಅನ್ನೋ ಭಯಕ್ಕೆ ಹೇಳಿದೆ.

ಸದ್ದುಗದ್ದಲ
ಅಲಾರಂ ಸದ್ದು ಬಗ್ಗೆ. ಸ್ಟಾಕ್ ಲೈಬ್ರರಿಯಿಂದ ಯಾವುದೋ ಟ್ರಿಂಗ್ ಟ್ರಿಂಗ್ ಹಾಕಬೇಡಿ. ಹೊಸ ಸ್ಮೋಕ್ ಅಲಾರಂಗಳಲ್ಲಿ ಹೆಚ್ಚು ಕಾಣೋ ಲಯ: ಅರ್ಧ ಸೆಕೆಂಡ್ ಸದ್ದು, ಅರ್ಧ ಸೆಕೆಂಡ್ ಮೌನ, ಹೀಗೆ ಮೂರು ಸಲ, ಆಮೇಲೆ ಒಂದೂವರೆ ಸೆಕೆಂಡ್ ಬಿಡುವು. ಸರಣಿಯಲ್ಲಿ ಪ್ರತಿ ಸಲವೂ ಇದೇ ಲಯ ಬಂದ್ರೆ ಮಗು ನಿಜವಾದದ್ದನ್ನ ಗುರುತಿಸುತ್ತೆ. ಟೈಟಲ್ ಹಾಡಿನ ತಾಳದಲ್ಲೇ ಸೇರಿಸಬಹುದು, ಆದ್ರೆ ಮೂಲ ಪಿಚ್‌ನಲ್ಲಿ ಬೇಡ, ಮನೆಯವರು ಗಾಬರಿಯಾಗಿ ಎದ್ದು ಓಡ್ತಾರೆ.

ಇನ್ನೊಂದು. ಮಾಮೂಲಿ ಅಲಾರಂ 3,000 ಹರ್ಟ್ಸ್ ಆಸುಪಾಸು ಕಿರುಚುತ್ತೆ. ಗಾಢ ನಿದ್ದೆಯ ಮಕ್ಕಳು ಅದಕ್ಕೆ ಏಳದೇ ಇರೋದು ಸಾಮಾನ್ಯ, 520 ಹರ್ಟ್ಸ್‌ನ ದಪ್ಪ ಸದ್ದಿಗೆ ಏಳೋದು ಹೆಚ್ಚು. ಹಾಗಾಗಿ 'ಅಲಾರಂ ಆಯ್ತು, ಮಗು ಥಟ್ಟನೆ ಎದ್ದಿತು' ಅನ್ನೋ ದೃಶ್ಯಕ್ಕಿಂತ ದೊಡ್ಡವರು ಬಂದು ಎಬ್ಬಿಸೋದೇ ಸರಿ. ನಾಯಿಗೆ ಬೇಕಾದ್ರೆ ಮೊದಲೇ ಎಚ್ಚರ ಆಗಲಿ.

ಹೊಗೆಪದರ
ಮಾಸ್ಕ್ ದೃಶ್ಯ ಖಂಡಿತ ಇರಲಿ. ಉಸಿರಾಟದ ಸಾಧನ ಹಾಕಿದ ಅಗ್ನಿಶಾಮಕ ಸಿಬ್ಬಂದಿಯನ್ನ ಕಂಡು ಮಕ್ಕಳು ಮಂಚದ ಕೆಳಗೆ, ಬೀರುವಿನೊಳಗೆ ಅಡಗಿಬಿಡ್ತಾರೆ. ಮುಖ ಕಾಣಲ್ಲ, ಗಾಜಿನ ಹಿಂದೆ ಕತ್ತಲೆ, ಫೂ... ಹಾ... ಅನ್ನೋ ಸದ್ದು. ಹೆದರದೇ ಇನ್ನೇನು? ಅದಕ್ಕೆ ಕ್ಯಾಮೆರಾ ಕದಲಿಸದೆ, ಒಂದೇ ಶಾಟಿನಲ್ಲಿ, ನಾಯಿ ಮಾಸ್ಕ್ ಹಾಕೋದು ತೋರಿಸಿ: ಮೊದಲು ಮುಖ, ಆಮೇಲೆ ಗಲ್ಲ ಒಳಗೆ, ಪಟ್ಟಿ ಹಿಂದಕ್ಕೆ, ಕೆಳಗಿನ ಪಟ್ಟಿ ಮೊದಲು ಬಿಗಿ, ಆಮೇಲೆ ಮೇಲಿನದು, ಕೊನೆಗೆ ಗಾಳಿ ಜೋಡಣೆ, ಮೊದಲ ಫೂ... ಹಾ. ಕಟ್ ಮಾಡಿದ್ರೆ ಕೆಲಸ ಕೆಡುತ್ತೆ. ಒಳಗಿರೋದು ಅದೇ ಗೆಳೆಯ ಅಂತ ಮಗು ಕಣ್ಣಾರೆ ನೋಡಬೇಕು.

ಎಲುಬುಗೂಡು
ನಾಯಿ ಮೂತಿಗೆ ಮಾಸ್ಕ್ ಅಂದ್ರೆ ಶಂಕುವಿನ ಆಕಾರ. ಒಳಗೆ ಬಾಯಿ ಕಾಣಬೇಕು ಅಂದ್ರೆ ಪೂರ್ತಿ ಪಾರದರ್ಶಕ ಮಾಡಿ, ಇಲ್ಲಾಂದ್ರೆ ಮಾತಾಡೋದು ಯಾರು ಅಂತ ಗೊತ್ತಾಗಲ್ಲ. ನಾಯಿ ತೇಕೋದು ಹೇಗೆ ಅಂತ ಮಾತ್ರ ಕೇಳಬೇಡಿ.

ನಳಿಕೆಮುಖ
ಸಿಲಿಂಡರ್ ಲೆಕ್ಕವೂ ಇಟ್ಕೊಳ್ಳಿ. 6.8 ಲೀಟರ್ ಸಿಲಿಂಡರ್ 300 ಬಾರ್‌ಗೆ ತುಂಬಿದ್ರೆ 2,000 ಲೀಟರ್ ಗಾಳಿ, ಕಷ್ಟದ ಕೆಲಸದಲ್ಲಿ ಅರ್ಧ ಗಂಟೆಗೂ ಸಾಲದೆ ಹೋಗಬಹುದು. 55 ಬಾರ್ ಆಸುಪಾಸಿಗೆ ಇಳಿದಾಗ ಸೀಟಿ ಹೊಡೆಯೋಕೆ ಶುರು. ಸೀಟಿ ಆಗೋ ಹೊತ್ತಿಗೆ ಹೊರಗಿರಬೇಕು, ಸೀಟಿ ಆದಮೇಲೆ ಹೊರಡೋದಲ್ಲ. ನಿಮ್ಮ ಕಂತುಗಳಲ್ಲಿ ಸೀಟಿ ಕೇಳಿಸಿದ್ರೆ ತಂಡದ ನಾಯಕಿ ಸಿಟ್ಟಾಗಬೇಕು.

ಬಾಲಬೋರ್ಡು
ಬೋರ್ಡ್ ಬದಲಾಯಿಸ್ತಿದ್ದೀನಿ. ಈಗಿನ ಕ್ರಮ: ಅಲಾರಂ, ಮೂರರ ಲಯ. ಬೇಕರಿಯಾತ ಒಲೆ ಬಿಟ್ಟು ಮಗಳ ಕೈ ಹಿಡಿದು ಹೊರಗೆ, ಬಾಗಿಲು ಎಳೆದು ಮುಚ್ತಾನೆ. ತಂಡ ಬರುತ್ತೆ, ನಾಯಕ ಮಾಮೂಲಿ ಬಾಗಿಲಲ್ಲೇ ನಾಜಲ್ ತೆರೆದು ಹಿಂದಕ್ಕೆ ಜಾರ್ತಾನೆ. ಐದನೇ ನಾಯಿ ಮೂಲೆಯಲ್ಲಿ ಹೋಸ್ ದಾಟಿಸುತ್ತೆ. ಕಿವುಡಿ ಡಾಲ್ಮೇಷಿಯನ್ ಸನ್ನೆ ಮಾಡ್ತಾಳೆ, ಮಾಸ್ಕ್ ಶಾಟ್, ಒಳಗೆ ಅರ್ಧ ಮೀಟರ್ ಕ್ಯಾಮೆರಾ, ಹೊಗೆ ಪದರ. ಬಾಣಲೆಗೆ ಮುಚ್ಚಳ, ಪಂಜದ ಮೇಲೆ ಪಂಜ. ಮಹಡಿಯಿಂದ ಬೆಕ್ಕಿನ ಮರಿ. ಟ್ಯಾಂಕ್ ಗೇಜ್ ಕೆಂಪಿಗೆ ಬರೋ ಹೊತ್ತಿಗೆ ಹೈಡ್ರಂಟ್ ನೀರು. ಬ್ಲಡ್‌ಹೌಂಡನ್ನ ಎರಡನೇ ಕಂತಿಗೆ ಇಟ್ಟೆ.

ತಕರಾರಪ್ಪ
ಬಾಣಲೆಗೆ ಮುಚ್ಚಳ ಹಾಕಿ ಆರಿಸಿದಮೇಲೆ 570 ಲೀಟರ್ ನೀರು ಯಾವ ಬೆಂಕಿಗೆ ಸ್ವಾಮಿ?

ಬಾಲಬೋರ್ಡು
ಅಯ್ಯೋ ಹೌದಲ್ಲ.

ನಳಿಕೆಮುಖ
ಬಾಣಲೆ ಮೇಲಿನ ಚಿಮಣಿ ಹುಡ್! ಜಿಡ್ಡು ಕಟ್ಟಿದ ಹೊಗೆ ನಾಳಕ್ಕೆ ಕಿಡಿ ಹತ್ತಿ ಮೇಲಿನ ಮರದ ಅಟ್ಟಕ್ಕೆ ಹಬ್ಬೋದು ದೊಡ್ಡ ಅಡುಗೆಮನೆಗಳಲ್ಲಿ ನಿಜವಾಗಿ ಆಗೋದೇ. ಒಲೆ ಮುಚ್ಚಳಕ್ಕೆ, ಅಟ್ಟ ಹೋಸಿಗೆ. ಬೆಕ್ಕಿನ ಮರಿ ಮಹಡಿಯಲ್ಲಿರೋದಕ್ಕೂ ಆಗ ಅರ್ಥ ಬರುತ್ತೆ.

ಚೌಕಟ್ಟು24
ಹಾಗಾದ್ರೆ ಅಟ್ಟಕ್ಕೆ 24 ಫ್ರೇಮಿನ ಲೂಪ್ ಇನ್ನೊಂದು ಸೆಟ್ ಬೇಕು. ಬಜೆಟ್ ನೋಡ್ಕೊಳ್ಳಿ.